ಬೂದಿದಿಬ್ಬದ ದಿನಕ್ಕೆ ಜನ ಕೂಡಿಸಿದ ಬಗೆ

ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ದನ ಸಾಕುವ ಜನ ನೆಲೆಸಿದ್ದರು. ಅವರು ಕಲ್ಲುಕೊಡಲಿ ಮಾಡಿದ ಜಾಗ, ಸಗಣಿ ಸುಟ್ಟ ಬೂದಿಯ ದಿಬ್ಬ, ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳು ಇಂದಿಗೂ ಅಲ್ಲಿವೆ. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹದ ಭಾನುವಾರ ಊರಿನವರಿಗೂ ಪೇಟೆಯವರಿಗೂ ಇವನ್ನೆಲ್ಲ ತೋರಿಸುವ ಕಾರ್ಯಕ್ರಮವನ್ನು ಕೆಲವು ಗೆಳೆಯರೊಡನೆ ಸೇರಿ ನಡೆಸುತ್ತಾ ಬಂದಿದ್ದೇನೆ. ವಿಶ್ವ ಪರಂಪರೆ ದಿನ ಏಪ್ರಿಲ್ 18ಕ್ಕೂ ಬರುತ್ತದೆ. ಆದರೆ ಆ ತಿಂಗಳಲ್ಲಿ ಬಳ್ಳಾರಿಯ ಬಂಡೆಗಳ ಮೇಲೆ ಮಕ್ಕಳನ್ನು ಹತ್ತಿಸುವ ಮಾತೇ ಇಲ್ಲ. ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ. ಸ್ವಯಂಸೇವಕರನ್ನು ಕೂಡಿಸುವ ಹೊಣೆ ನನ್ನದು.

‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದು ಬರೆದು ಗೋಡೆಗೆ ಅಂಟಿಸಿದರೆ ಓದುವವರು ಸಿಗುತ್ತಾರೆ, ಬರುವವರು ಸಿಗುವುದಿಲ್ಲ. ಏನು ಕೆಲಸ, ಎಷ್ಟು ಹೊತ್ತು, ಊಟ ಎಲ್ಲಿ, ಜೊತೆಗೆ ಯಾರಿರುತ್ತಾರೆ ಎನ್ನುವುದು ತಿಳಿಯದೆ ಯಾರಾದರೂ ಏಕೆ ಒಪ್ಪಬೇಕು? ಹಾಗಾಗಿ ದಸರೆ ಮುಗಿಯುತ್ತಿದ್ದಂತೆ ಕೆಲಸಗಳ ಪಟ್ಟಿ ಬರೆಯುತ್ತೇನೆ. ಬಸ್ ನಿಲ್ಲುವಲ್ಲಿ ಒಬ್ಬರು, ಕುಡಿಯುವ ನೀರಿನ ಬಳಿ ಇಬ್ಬರು, ಚಿತ್ರಗಳಿರುವ ಬಂಡೆಯ ಬಳಿ ಯಾರೂ ಸುಣ್ಣದ ಕಡ್ಡಿಯಿಂದ ಗೀಚದಂತೆ ನೋಡಿಕೊಳ್ಳುವವರು, ಶಾಲೆಯ ಅಂಗಳದಲ್ಲಿ ಮರಳು ತುಂಬಿದ ತೊಟ್ಟಿಯ ಬಳಿ ಮಕ್ಕಳಿಗೆ ಉತ್ಖನನದ ವಿಧಾನ ತೋರಿಸುವವರು. ಪರವಾನಗಿ ಇಲ್ಲದೆ ನೆಲೆಯಲ್ಲಿ ಒಂದು ಗುದ್ದಲಿಯನ್ನೂ ಹಾಕುವಂತಿಲ್ಲವಾದ್ದರಿಂದ ಅಗೆಯುವ ಆಟವೆಲ್ಲ ಆ ತೊಟ್ಟಿಯಲ್ಲೇ. ಹೊಸ ಮಡಕೆಯನ್ನು ಒಡೆದು ಪದರ ಪದರವಾಗಿ ಹೂತಿಡುತ್ತೇವೆ.

ಪದವಿ ಕಾಲೇಜಿನ ವಿದ್ಯಾರ್ಥಿಗಳನ್ನು ಪಡೆಯುವುದು ಕಷ್ಟವೇನಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕಾಗಿರುತ್ತದೆ. ನಮ್ಮ ದಿನದ ಕೆಲಸ ಆ ಲೆಕ್ಕಕ್ಕೆ ಸೇರುತ್ತದೆ ಎಂದು ಕಾರ್ಯಕ್ರಮಾಧಿಕಾರಿಯಿಂದ ಮೊದಲೇ ಒಪ್ಪಿಗೆ ಪಡೆಯುತ್ತೇನೆ. ಆಮೇಲೆ ತರಗತಿಗೆ ಹೋಗಿ ಭಾಷಣ ಮಾಡದೆ, ಕಲ್ಲುಕೊಡಲಿಯ ಮಾದರಿಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಅದನ್ನು ಬೇಗ ಮುಂದಕ್ಕೆ ಕೊಡದೆ ಅಂಚಿನ ಮೇಲೆ ಬೆರಳಾಡಿಸುತ್ತಾ ಕುಳಿತವರನ್ನು ಗುರುತಿಟ್ಟುಕೊಂಡು, ತರಗತಿ ಮುಗಿದ ಮೇಲೆ ಹೆಸರು ಹಿಡಿದು ಕರೆಯುತ್ತೇನೆ. ಇತಿಹಾಸ ಓದುವವರೇ ಆಗಬೇಕೆಂದಿಲ್ಲ. ಬಿ.ಕಾಂ. ಓದುವ ಹುಡುಗಿಯೊಬ್ಬಳು ನಮ್ಮ ನೋಂದಣಿ ಮೇಜನ್ನು ನಡೆಸಿದ ಅಚ್ಚುಕಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಈ ದಿನಕ್ಕೆ ಜೀವ ಬರುವುದು ಊರಿನವರಿಂದ. ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ: ಅವರ ಬಿಡುವನ್ನು ಕೇಳಬೇಡಿ, ಅವರಿಗೆ ಗೊತ್ತಿರುವುದನ್ನು ಕೇಳಿ. ‘ಒಂದು ದಿನ ನಮಗಾಗಿ ಕೊಡಿ’ ಎಂದರೆ ಯಾರಿಗಿದೆ ಬಿಡುವು? ‘ನಿಮಗೆ ತಿಳಿದದ್ದನ್ನು ಬಂದವರಿಗೆ ಹೇಳಬೇಕು’ ಎಂದರೆ ಮನೆಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು ಮಾತನಾಡುತ್ತಾರೆ.

ಒಮ್ಮೆ ಎಮ್ಮೆ ಸಾಕಿ ಕುಳ್ಳು ತಟ್ಟುವ ಹಿರಿಯ ಹೆಣ್ಣುಮಗಳೊಬ್ಬರನ್ನು ಬೂದಿದಿಬ್ಬದ ಬಳಿ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೆಲವೆಡೆ ಬೂದಿ ಕರಗಿ, ಗಟ್ಟಿಯಾಗಿ, ಗಾಜಿನ ಹೊಳಪಿನ ರಂಧ್ರಗಳ ಉಂಡೆಯಾಗಿದೆ. ಆಕೆ ಕುಕ್ಕರುಗಾಲಿನಲ್ಲಿ ಕುಳಿತು, ಮುಟ್ಟದೆ, ಬಹಳ ಹೊತ್ತು ನೋಡಿದರು. “ಕುಳ್ಳಿನ ಬೂದಿ ಹಿಟ್ಟಿನ ಹಾಗಿರುತ್ತದೆ ಮೇಷ್ಟ್ರೇ. ಇದು ಕಲ್ಲಾಗಬೇಕಾದರೆ ಎಷ್ಟು ಸಗಣಿ ಒಟ್ಟಿರಬೇಕು, ಎಷ್ಟು ದಿನ ಉರಿದಿರಬೇಕು? ಉರಿಸಿದ್ದಾದರೂ ಯಾತಕ್ಕೆ? ಸಗಣಿಯನ್ನು ಯಾರಾದರೂ ಸುಮ್ಮನೆ ಸುಡುತ್ತಾರೆಯೇ?” ಎಂದರು. ವಿದ್ವಾಂಸರು ದಶಕಗಳಿಂದ ಚರ್ಚಿಸುತ್ತಿರುವ ಪ್ರಶ್ನೆಯೇ ಅದು. “ಅವ್ವಾ, ಭಾನುವಾರ ಬಂದವರ ಮುಂದೆ ಇದನ್ನೇ ಕೇಳಬೇಕು ನೀವು” ಎಂದೆ. ಬಂದರು, ಕೇಳಿದರು. ಆ ಹೊತ್ತು ನಮ್ಮ ವಿವರಣೆಯ ಫಲಕದ ಕಡೆ ಒಬ್ಬರೂ ತಿರುಗಲಿಲ್ಲ.

ಹಾಗೆಯೇ ಕಲ್ಲು ಒಡೆಯುವ ಕಸುಬಿನವರು. ಇಲ್ಲಿನ ಹಿರೇಗುಡ್ಡದಲ್ಲಿ ಆ ಕಾಲದ ಜನ ಡಾಲರೈಟ್ ಎಂಬ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ನೀರು ಹಾಕಿ ಮಸೆದು ಅಂಚು ತರುತ್ತಿದ್ದರು. ಇದನ್ನು ನಾನು ವಿವರಿಸಿದರೆ ಪಾಠವಾಗುತ್ತದೆ. ಕಲ್ಲುಕುಟಿಗರೊಬ್ಬರು ಬೇರೆಡೆಯಿಂದ ತಂದ ಕಲ್ಲನ್ನು ಶಾಲೆಯ ಅಂಗಳದಲ್ಲಿ ತಿರುಗಿಸಿ ನೋಡಿ, ಎಲ್ಲಿ ಏಟು ಬಿದ್ದರೆ ಎಲ್ಲಿ ಸಿಡಿಯುತ್ತದೆ ಎಂದು ಮೊದಲೇ ಹೇಳಿ ಒಡೆದಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಇದೇ ಸೀಮೆಯ ಗುಡ್ಡಗಳನ್ನು ಕಲ್ಲು ಗಣಿಗಾರಿಕೆ ತಿನ್ನುತ್ತಾ ಬಂದಿರುವುದು ಎಲ್ಲರಿಗೂ ಗೊತ್ತು. ಅದಕ್ಕೆಂದು ಕಲ್ಲಿನ ಕೆಲಸದವರನ್ನು ಅಪರಾಧಿಗಳಂತೆ ದೂರವಿಡುವುದು ನನಗೆ ಒಪ್ಪಿಗೆಯಿಲ್ಲ. ಕೊಡಲಿ ಮಾಡಿದವರ ಕೈಚಳಕ ನಮ್ಮೆಲ್ಲರಿಗಿಂತ ಹೆಚ್ಚು ಅರ್ಥವಾಗುವುದು ಅವರಿಗೇ.

ಕುರಿ ಕಾಯುವವರನ್ನು ದಾರಿ ತೋರಿಸಲು ಕರೆಯುತ್ತೇವೆ. ಈ ಸಲ ಹೆಜ್ಜೇನು ಎಲ್ಲಿ ಕಟ್ಟಿದೆ, ಯಾವ ಬಂಡೆ ಅಲುಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ದುಡ್ಡಿನ ವಿಷಯದಲ್ಲಿ ನನ್ನ ನಿಲುವು ಖಚಿತ. ನವೆಂಬರ್ ಎಂದರೆ ಹತ್ತಿ ಬಿಡಿಸುವ ಕಾಲ. ಆ ದಿನ ಕೂಲಿ ಬಿಟ್ಟು ಬಂದವರಿಗೆ ಅಂದಿನ ಕೂಲಿಯನ್ನು ಕೈಗೆ ಕೊಡಲೇಬೇಕು. ತಿಂಗಳ ಸಂಬಳ ಬರುವ ನನ್ನಂಥವರು ಪುಕ್ಕಟೆ ದುಡಿಯಬಹುದು. ದಿನಗೂಲಿಯವರಿಂದ ಸೇವೆಯ ಹೆಸರಿನಲ್ಲಿ ದುಡಿಸಿಕೊಳ್ಳುವುದು ಅನ್ಯಾಯ. ಶಾಮಿಯಾನ, ಶಾಲು, ಹಾರಗಳನ್ನು ಕೈಬಿಟ್ಟು ಆ ಹಣವನ್ನು ಇದಕ್ಕೆ ಬಳಸುತ್ತೇವೆ.

ಒಪ್ಪಿದವರನ್ನೆಲ್ಲ ಹಿಂದಿನ ಭಾನುವಾರ ಗುಡ್ಡದ ಮೇಲೆ ಒಂದು ಸುತ್ತು ಕರೆದೊಯ್ಯುತ್ತೇನೆ. ಬಡಿದರೆ ಗಂಟೆಯಂತೆ ನಾದ ಹೊಮ್ಮುವ ಬಂಡೆಗಳು ಕಪ್ಪಗಲ್ಲಿನಲ್ಲಿವೆ. ಅವುಗಳ ಮೇಲೆ ಹಿಂದಿನವರು ಬಡಿದ ಗುರುತುಗಳೇ ನಮಗಿರುವ ಸಾಕ್ಷ್ಯ. ಬಂದವರಿಗೆಲ್ಲ ತಾವೂ ಬಡಿದು ನೋಡುವ ಆಸೆ. ಅಲ್ಲಿ ನಿಲ್ಲುವವರು ಮೊಬೈಲಿನಲ್ಲಿ ಧ್ವನಿಮುದ್ರಣ ಕೇಳಿಸಿ, ಯಾಕೆ ಬಡಿಯಬಾರದೆಂದು ತಿಳಿಸಬೇಕು. ನೆಲದ ಮೇಲೆ ಕಂಡ ಮಡಕೆ ಚೂರನ್ನು ಯಾರೂ ಜೇಬಿಗೆ ಹಾಕಿಕೊಳ್ಳಬಾರದು, ಸ್ವಯಂಸೇವಕರೂ ಸಹ.

ದಂತಕಥೆ ಕೇಳಿಬಂದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಅಂದೇ ಮಾತನಾಡುತ್ತೇವೆ. ಕುಡತಿನಿಯ ಬೂದಿದಿಬ್ಬವನ್ನು ಹಿಡಿಂಬಾಸುರನನ್ನು ಸುಟ್ಟ ಜಾಗ ಎನ್ನುತ್ತಾರೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆ. ವಿದ್ಯಾರ್ಥಿಗಳು ಇದನ್ನು ಕೇಳಿ ನಗುವುದುಂಟು. ನಗಬಾರದು. ಕಥೆಯನ್ನು ಪೂರ್ತಿ ಕೇಳಿ, ಅದು ಬೂದಿಯೇ ಎಂದು ಹಿರಿಯರು ಸರಿಯಾಗಿಯೇ ಗುರುತಿಸಿದ್ದರೆಂದು ಹೇಳಿ, ಆಮೇಲೆ ಉಟ್ನೂರಿನ ವಿಷಯ ತೆಗೆಯಬೇಕು. ಈಗ ತೆಲಂಗಾಣದಲ್ಲಿರುವ ಆ ಊರಿನಲ್ಲಿ 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಬೂದಿದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕವು. ದೊಡ್ಡಿಯೊಳಗೆ ದನಗಳು ತುಳಿದ ನೆಲ ಅದು. ಗೊರಸಿನ ಮಾತು ಬಂದ ಕೂಡಲೇ ದನ ಕಟ್ಟಿದ ಅನುಭವವಿರುವವರೆಲ್ಲ ಮಾತಿಗೆ ಇಳಿಯುತ್ತಾರೆ.

ಕಾರ್ಯಕ್ರಮ ಮುಗಿದ ವಾರದೊಳಗೆ ಪ್ರತಿಯೊಬ್ಬರ ಮನೆಗೆ ಅವರವರ ಚಿತ್ರವೊಂದನ್ನು ಅಚ್ಚು ಹಾಕಿಸಿ ಕೊಟ್ಟು ಬರುತ್ತೇನೆ. ಮುಂದಿನ ವರ್ಷದ ಹೆಸರುಗಳು ಅಂದೇ ಅರ್ಧ ಸಿಗುತ್ತವೆ. ಸದ್ಯ ನಮಗೆ ಕೊರತೆ ಇರುವುದು ತೆಲುಗಿನಲ್ಲಿ ವಿವರಿಸಬಲ್ಲವರದು. ಬಳ್ಳಾರಿ ಸುತ್ತಿನ ಎಷ್ಟೋ ಮನೆಗಳ ಮಾತು ತೆಲುಗು, ನಮ್ಮ ಫಲಕಗಳೆಲ್ಲ ಕನ್ನಡದಲ್ಲಿವೆ. ಅದಕ್ಕಾಗಿ ಈಗಾಗಲೇ ಇಬ್ಬರು ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿದ್ದೇನೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಮೊದಲು ಗುಡ್ಡ ನೋಡಬೇಕೆಂದಿದ್ದಾರೆ.