ಸಿನಿಮಾಕ್ಕಲ್ಲ, ರೈಲಿಗೊಂದು ಪುಟ

ಒಬ್ಬ ನಿರ್ದೇಶಕರನ್ನು ಹಿಡಿದರೆ ಅವರ ಸಿನಿಮಾಗಳನ್ನು ಬಂದ ವರ್ಷದ ಕ್ರಮದಲ್ಲೇ ನೋಡುತ್ತೇನೆ. ಹೆಸರು ಮಾಡಿದ ಒಂದೆರಡನ್ನು ಮಾತ್ರ ಆರಿಸಿಕೊಂಡರೆ ಕಥೆ ಸಿಗುತ್ತದೆ. ಆದರೆ ಅವರ ತಲೆಯನ್ನು ವರ್ಷಗಟ್ಟಲೆ ಏನು ಕೊರೆಯುತ್ತಿತ್ತು ಅನ್ನೋದು ಸಿಗುವುದಿಲ್ಲ. ಪಕ್ಕದಲ್ಲಿ ನೋಟ್‌ಬುಕ್ ಇರುತ್ತದೆ. ಅದರಲ್ಲಿ ಸಿನಿಮಾಕ್ಕೊಂದು ಪುಟ ಇಲ್ಲ. ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಒಂದೊಂದು ಪುಟ: ರೈಲು, ಊಟ, ಬಾಗಿಲು, ಕಾಯುವುದು.

ಸತ್ಯಜಿತ್ ರೇ ಅವರ ಅಪು ಸರಣಿಗೆ ತೆರೆದ ಪುಟ ರೈಲು. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಪುಟ್ಟ ಅಪು ಮತ್ತು ಅವನ ಅಕ್ಕ ದುರ್ಗಾ ಬಿಳಿ ಹೂವಿನ ಹುಲ್ಲು ದಾಟಿ ರೈಲು ನೋಡಲು ಓಡುತ್ತಾರೆ. ಬರೀ ಬೆರಗು. ಮುಂದಿನ ವರ್ಷದ 'ಅಪರಾಜಿತೋ'ದಲ್ಲಿ ಮಗ ಓದಲು ಕಲ್ಕತ್ತಾಕ್ಕೆ ಹೋಗಿದ್ದಾನೆ. ಹಳ್ಳಿಯಲ್ಲಿ ಒಬ್ಬಳೇ ಉಳಿದ ತಾಯಿ ದೂರದ ರೈಲನ್ನು ನೋಡುತ್ತಾ ಅವನಿಗಾಗಿ ಕಾಯುತ್ತಾಳೆ. 1959ರ 'ಅಪುರ್ ಸಂಸಾರ್'ಗೆ ಬರುವಷ್ಟರಲ್ಲಿ ಅಪುವಿನ ಬಾಡಿಗೆ ಕೋಣೆ ಹಳಿಯ ಪಕ್ಕದಲ್ಲೇ ಇದೆ. ಹೆಂಡತಿ ಸತ್ತ ಮೇಲೆ ಸಾಯಲೆಂದು ಅವನು ಹೋಗಿ ನಿಲ್ಲುವುದೂ ಹಳಿಯ ಬಳಿಯೇ. ಮೂರು ಸಾಲು ಒಂದರ ಕೆಳಗೊಂದು ಬರೆದಾಗ ಮೈ ಜುಮ್ಮೆಂದಿತು. ಸಿನಿಮಾಕ್ಕೊಂದು ಪುಟ ಇಟ್ಟಿದ್ದರೆ ಈ ಸಾಲುಗಳು ಅಕ್ಕಪಕ್ಕ ಬರುತ್ತಲೇ ಇರಲಿಲ್ಲ.

ಜಪಾನಿನ ಯಸುಜಿರೊ ಓಝು ಅವರ ವಿಷಯದಲ್ಲಿ ಈ ಪದ್ಧತಿ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಮಗಳ ಮದುವೆ, ಒಂಟಿಯಾಗುವ ಅಪ್ಪ ಅಥವಾ ಅಮ್ಮ. ಒಂದೇ ಕಥೆ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, ಒಂದೇ. ಆದರೆ 1949ರ 'ಲೇಟ್ ಸ್ಪ್ರಿಂಗ್'ನಲ್ಲಿ ಮದುವೆ ಬೇಡ ಎನ್ನುವ ಮಗಳಾಗಿದ್ದ ನಟಿ ಸೆತ್ಸುಕೊ ಹಾರಾ, 1960ರ 'ಲೇಟ್ ಆಟಮ್'ನಲ್ಲಿ ಮಗಳನ್ನು ಕಳಿಸಿಕೊಡುವ ವಿಧವೆ ತಾಯಿ! ಅದೇ ಮುಖ, ಈಗ ಬಾಗಿಲಿನ ಈಚೆ ಕಡೆ. 'ಲೇಟ್ ಸ್ಪ್ರಿಂಗ್'ನ ಕೊನೆಯಲ್ಲಿ ಅಪ್ಪ (ನಟ ಚಿಶು ರ್ಯು) ಒಬ್ಬನೇ ಕೂತು ಸೇಬಿನ ಸಿಪ್ಪೆ ತೆಗೆಯುತ್ತಾನೆ. ಸಿಪ್ಪೆ ಕೆಳಗೆ ಬೀಳುತ್ತದೆ, ತಲೆ ಬಾಗುತ್ತದೆ, ಅಷ್ಟೇ. 1962ರಲ್ಲಿ ಓಝು ಮಾಡಿದ ಕೊನೆಯ ಸಿನಿಮಾದಲ್ಲೂ ಅಪ್ಪ ಅದೇ ಚಿಶು ರ್ಯು. ಮದುವೆ ಮುಗಿಸಿ, ಕುಡಿದು ಮನೆಗೆ ಬಂದು ಅಡುಗೆಮನೆಯಲ್ಲಿ ಕೂರುತ್ತಾನೆ. ಇವೆರಡರಲ್ಲೂ ಮದುವೆಯ ಶಾಸ್ತ್ರವನ್ನಾಗಲಿ ಗಂಡನ್ನಾಗಲಿ ತೋರಿಸುವುದೇ ಇಲ್ಲ. ತೋರಿಸದೇ ಬಿಟ್ಟದ್ದಕ್ಕೂ ನಾನು ಒಂದು ಪುಟ ಇಡಲು ಶುರುಮಾಡಿದ್ದು ಇಲ್ಲಿಂದಲೇ. ಈಗ ನನ್ನ ನೋಟ್‌ಬುಕ್‌ನಲ್ಲಿ ಜಾಸ್ತಿ ತುಂಬಿರುವ ಪುಟ ಅದು.

ಎರಡನೇ ಸಲ ನೋಡುವಾಗ ಇಷ್ಟವಾದ ದೃಶ್ಯವನ್ನು ಸೌಂಡ್ ಆಫ್ ಮಾಡಿ ನೋಡುತ್ತೇನೆ. ಮಾತು ನಿಂತರೆ ಕ್ಯಾಮೆರಾ ಕಾಣುತ್ತದೆ. ಓಝು ಅವರ ಕ್ಯಾಮೆರಾ ನೆಲದಿಂದ ಸ್ವಲ್ಪವೇ ಮೇಲೆ ಇರುತ್ತದೆ. ಮಾತಾಡುವವರು ಹೆಚ್ಚುಕಡಿಮೆ ನಮ್ಮತ್ತಲೇ ನೋಡುತ್ತಾರೆ. ದೃಶ್ಯ ಮುಗಿದರೂ ಖಾಲಿ ಓಣಿಯೋ, ಒಣಹಾಕಿದ ಬಟ್ಟೆಯೋ ಕೆಲವು ಕ್ಷಣ ಪರದೆಯ ಮೇಲೆ ಉಳಿಯುತ್ತದೆ. ಆ ಕ್ಷಣಗಳಿಗಾಗಿಯೇ ನಾನು ಅವರ ಸಿನಿಮಾಗಳಿಗೆ ಮರಳಿ ಹೋಗುವುದು.

ಇನ್ನೊಂದು ಮಾತು. ಮರುಕಳಿಸಿದ್ದೆಲ್ಲ ನಿರ್ದೇಶಕರದ್ದೇ ಎಂದು ಸುಮ್ನೆ ಬರೆದುಕೊಳ್ಳಬಾರದು. 'ಲೇಟ್ ಸ್ಪ್ರಿಂಗ್'ನಿಂದ ಕೊನೆಯವರೆಗೂ ಓಝು ಜೊತೆ ಚಿತ್ರಕಥೆ ಬರೆದವರು ಕೊಗೊ ನೊಡಾ. ರೇ ಅವರ ಆ ಮೂರಕ್ಕೂ ಛಾಯಾಗ್ರಾಹಕರು ಸುಬ್ರತ ಮಿತ್ರ. ಆದ್ದರಿಂದ ಪ್ರತಿ ಸಾಲಿನ ಪಕ್ಕ ಬರೆದವರ, ಚಿತ್ರೀಕರಿಸಿದವರ ಹೆಸರೂ ಹಾಕುತ್ತೇನೆ.

ಸದ್ಯ ಗಿರೀಶ್ ಕಾಸರವಳ್ಳಿ ಅವರ ಸಿನಿಮಾಗಳು ನಡೆಯುತ್ತಿವೆ. ತೆರೆದಿರುವ ಪುಟ 'ಕಾಯುವುದು'. 'ತಬರನ ಕಥೆ'ಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿರುವಾಗ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ ಮೊದಲ ಸಾಲಿನಲ್ಲಿದ್ದಾನೆ. 'ದ್ವೀಪ'ದ ನಾಗಿಯ ಸಾಲು ಅದರ ಕೆಳಗೆ. ಇವಳ ಸುತ್ತ ಏರುತ್ತಿರುವುದು ಅಣೆಕಟ್ಟಿನ ನೀರು. ಅವನು ಇನ್ನೊಬ್ಬರ ಸಹಿಗಾಗಿ ಕಾಯುತ್ತಾನೆ, ಇವಳು ಕಾಯುತ್ತಾ ಕೂರುವುದಿಲ್ಲ, ಕೈಯಲ್ಲಾದದ್ದನ್ನು ಮಾಡುತ್ತಾಳೆ. ಅದಕ್ಕೇ ಅವಳಿಗೆ ಬೇರೆ ಪುಟ ಬೇಕೇನೋ ಎಂದು ಯೋಚಿಸುತ್ತಿದ್ದೇನೆ.