ಹೇರ್ ಪ್ಯಾಚ್ ಸಹಜವಾಗಿ ಕಾಣಬೇಕಾ? ಕೂದಲು ಕಮ್ಮಿ ಮಾಡಿ

ಹೇರ್ ಪ್ಯಾಚ್, ಅಂದರೆ ತಲೆಯ ಬೋಳಾದ ಜಾಗಕ್ಕೆ ಅಂಟಿಸುವ ಕೂದಲಿನ ಹೊದಿಕೆ, ಹಾಕಿದವರು ನೋಡಿದ ಕೂಡಲೇ ಗೊತ್ತಾಗಿಬಿಡ್ತಾರೆ ಅಂತ ಜನ ಹೇಳುತ್ತಾರೆ. ಎಷ್ಟೋ ಸಲ ಅದು ನಿಜ. ಆದರೆ ಪ್ಯಾಚ್ ಅಗ್ಗದ್ದು ಅನ್ನುವ ಕಾರಣಕ್ಕೆ ಗೊತ್ತಾಗುವುದು ಕಮ್ಮಿ. ದುಬಾರಿ ಪ್ಯಾಚ್ ಹಾಕಿಸಿಕೊಂಡೂ ಸಿಕ್ಕಿಬೀಳುವವರಿದ್ದಾರೆ. ಅವರ ತಲೆ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಕೂದಲಿರುತ್ತದೆ, ಅಷ್ಟೇ. 45 ದಾಟಿದ ಮುಖಕ್ಕೆ 18ರ ಹುಡುಗನ ಕೂದಲು ಕೂರಿಸಿದರೆ ನೋಡುವವರ ಕಣ್ಣು ಒಪ್ಪುವುದಿಲ್ಲ.

ನಾನು ಬೆಂಗಳೂರಿನಲ್ಲಿ ಸಲೂನ್ ನಡೆಸುತ್ತೇನೆ. ಕಟಿಂಗ್, ಶೇವಿಂಗ್ ಜೊತೆಗೆ ಪ್ಯಾಚ್ ಕೆಲಸವನ್ನೂ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಬೇರೆ ಕಡೆ ಪ್ಯಾಚ್ ಹಾಕಿಸಿಕೊಂಡು, ಕನ್ನಡಿ ನೋಡಲು ಮನಸ್ಸಿಲ್ಲದೆ ಟೋಪಿ ಹಾಕಿಕೊಂಡೇ ಬರುವವರು ನನ್ನಲ್ಲಿಗೆ ಜಾಸ್ತಿ. ಅವರಲ್ಲಿ ಹೆಚ್ಚಿನವರಿಗೆ ಹೊಸ ಪ್ಯಾಚ್ ಬೇಕಾಗಿರುವುದಿಲ್ಲ. ಇರುವುದನ್ನೇ ಯಾರಾದರೂ ಕೂತು ಸರಿಯಾಗಿ ಕತ್ತರಿಸಿದರೆ ಸಾಕಾಗಿರುತ್ತದೆ.

ಡಬ್ಬಿಯಿಂದ ತೆಗೆದಾಗ ಪ್ಯಾಚ್ ಹೇಗಿರುತ್ತದೆ ನೋಡಿ. ಸಾಮಾನ್ಯವಾಗಿ 8 ಅಥವಾ 9 ಇಂಚು ಉದ್ದ, 6 ಇಂಚು ಅಗಲದ ಬೇಸ್, ಅಂದರೆ ಕೂದಲು ಕಟ್ಟಿರುವ ತಳ. ಅದು ಲೇಸ್ ಅನ್ನುವ ತೆಳು ಬಲೆ ಇರಬಹುದು, ಮೋನೋ ಅನ್ನುವ ಸ್ವಲ್ಪ ಗಟ್ಟಿ ಬಲೆ ಇರಬಹುದು, ಸ್ಕಿನ್ ಅಂತ ಕರೆಯುವ ತೆಳು ಪಿಯು (ಪಾಲಿಯುರೆಥೇನ್) ಹಾಳೆ ಇರಬಹುದು. ಅದರ ಮೇಲೆ ಸುಮಾರು 6 ಇಂಚಿನ ಕೂದಲು. ಎಲ್ಲವೂ ಒಂದೇ ಉದ್ದ. ನಮ್ಮ ತಲೆ ಹಾಗಿರುವುದಿಲ್ಲ ಅಲ್ವಾ? ಕೆಲವು ಕೂದಲು ಈಗಷ್ಟೇ ಹುಟ್ಟಿರುತ್ತವೆ, ಕೆಲವು ಅರ್ಧ ಬೆಳೆದಿರುತ್ತವೆ, ಕೆಲವು ಇವತ್ತೋ ನಾಳೆಯೋ ಉದುರುವಂತಿರುತ್ತವೆ. ಈ ಏರುಪೇರು ಪ್ಯಾಚಿನಲ್ಲಿ ಇಲ್ಲ. ಕತ್ತರಿಯಿಂದ ತರಬೇಕು. ಡೆನ್ಸಿಟಿ ಮೀಡಿಯಂ ಅಂತ ಬರೆದಿದ್ದರೂ ಕಾರ್ಖಾನೆಯವರು ದಟ್ಟವಾಗಿಯೇ ಕಟ್ಟಿರುತ್ತಾರೆ. ಜಾಸ್ತಿ ಇದ್ದರೆ ತೆಗೆಯಬಹುದು, ಕಮ್ಮಿ ಇದ್ದರೆ ಸೇರಿಸೋಕಾಗಲ್ಲ ಅನ್ನುವುದು ಅವರ ಲೆಕ್ಕ. ಆ ಜಾಸ್ತಿಯನ್ನು ತೆಗೆಯದೆ ಹಾಗೇ ತಲೆಗೆ ಅಂಟಿಸಿ ಕಳಿಸುವುದರಿಂದಲೇ ಇಷ್ಟೆಲ್ಲ ತೊಂದರೆ.

ಕೂದಲು ಎಲ್ಲಿಂದ ಬಂತು ಅನ್ನುವುದೂ ಕತ್ತರಿ ಹಿಡಿಯುವವನಿಗೆ ಗೊತ್ತಿದ್ದರೆ ಒಳ್ಳೆಯದು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲ ವ್ಯಾಪಾರಕ್ಕೆ ಹೆಸರುವಾಸಿ. ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲನ್ನು ಊರೂರು ತಿರುಗಿ ಕೂಡಿಸಿ ತರುತ್ತಾರೆ. ಅಲ್ಲಿ ಅದನ್ನು ಬಿಡಿಸಿ, ತೊಳೆದು, ಅಳತೆ ಪ್ರಕಾರ ಕಟ್ಟು ಕಟ್ಟುತ್ತಾರೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲು ಹರಾಜಾಗುತ್ತದೆ. ಹೀಗೆ ಹೊರದೇಶಕ್ಕೆ ಹೋದ ನಮ್ಮವರ ಕೂದಲೇ, ಚೀನಾದ ಚಿಂಗ್‌ಡಾವ್ ಕಡೆಯ ಕಾರ್ಖಾನೆಗಳಲ್ಲಿ ಬಲೆ ಮೇಲೆ ಒಂದೊಂದೇ ಗಂಟು ಹಾಕಿಸಿಕೊಂಡು ಮತ್ತೆ ನಮ್ಮ ತಲೆಗೇ ಬರುವುದುಂಟು. ಬಾಚುವಾಗ ಉದುರಿದ ಕೂದಲಲ್ಲಿ ಬುಡ ಯಾವುದು, ತುದಿ ಯಾವುದು ಅನ್ನುವುದು ಕಲಸಿಹೋಗಿರುತ್ತದೆ. ಹಾಗೇ ಬಿಟ್ಟರೆ ಸಿಕ್ಕಾಗುತ್ತದೆ. ಅದಕ್ಕೆ ಆಸಿಡ್‌ನಲ್ಲಿ ಅದ್ದಿ ಕೂದಲಿನ ಮೇಲಿನ ಪೊರೆ ತೆಗೆದು, ಸಿಲಿಕೋನ್ ಹಚ್ಚಿ ಮಿಂಚು ಬರಿಸುತ್ತಾರೆ. ಪೊರೆ ಇಲ್ಲದ ಕೂದಲಿಗೆ ರೇಜರ್ ತಗುಲಿಸಿದರೆ ತುದಿ ಸೀಳುತ್ತದೆ. ಕೆಲವು ಸಲ ತೊಳೆಯುವಷ್ಟರಲ್ಲಿ ಒಣ ಹುಲ್ಲಿನಂತೆ ಎದ್ದು ನಿಲ್ಲುತ್ತದೆ. ಒದ್ದೆ ಕೂದಲಲ್ಲಿ ರೇಜರ್ ಆಡಿಸಿ ಚೆನ್ನಾಗಿ ಮಾಡುವವರೂ ಇದ್ದಾರೆ. ನಾನು ಮಾತ್ರ ಪ್ಯಾಚಿಗೆ ಕತ್ತರಿ ಬಿಟ್ಟು ಬೇರೇನೂ ಹಚ್ಚುವುದಿಲ್ಲ. ಕತ್ತರಿಸುವ ಮೊದಲು ಒಂದೆರಡು ಸಲ ಶಾಂಪೂ ಹಾಕಿ ತೊಳೆಯುತ್ತೇನೆ. ಆ ಸಿಲಿಕೋನ್ ಹೋದ ಮೇಲೇ ಕೂದಲಿನ ನಿಜವಾದ ಗುಣ ಕೈಗೆ ಸಿಗುವುದು.

ಬಣ್ಣದ ವಿಷಯ ಚುಟುಕಾಗಿ ಹೇಳುತ್ತೇನೆ. ಸ್ಯಾಂಪಲ್ ಕೂದಲನ್ನು ಕಿವಿಯ ಮೇಲಿನ ಜಾಗದಿಂದ ತೆಗೆಯಿರಿ, ಕತ್ತಿನ ಹಿಂದಿನಿಂದ ಬೇಡ. ಪ್ಯಾಚ್ ಕೂಡುವುದು ಅಲ್ಲಿ. ಅಚ್ಚ ಕಪ್ಪು ಅಂದರೆ ಬಣ್ಣದ ಚಾರ್ಟಿನ 1ನೇ ನಂಬರ್ ನಮ್ಮಲ್ಲಿ ತುಂಬಾ ಕಮ್ಮಿ ಜನಕ್ಕೆ ಒಪ್ಪುತ್ತದೆ. ಅದಕ್ಕಿಂತ ಚೂರು ತಿಳಿಯಾದ 1ಬಿ ಹೆಚ್ಚಿನವರಿಗೆ ಸರಿ. ಪಕ್ಕದಲ್ಲಿ ನರೆ ಇದ್ದರೆ ಪ್ಯಾಚಿನಲ್ಲೂ ನರೆ ಬೇಕು. ಪ್ಯಾಚಿನ ಬಿಳಿ ಕೂದಲು ಬಹಳ ಸಲ ಸಿಂಥೆಟಿಕ್ ಆಗಿರುತ್ತದೆ. ಅದಕ್ಕೆ ಡೈ ಹಿಡಿಯುವುದಿಲ್ಲ, ಜಾಸ್ತಿ ಬಿಸಿಯನ್ನೂ ಅದು ತಡೆಯುವುದಿಲ್ಲ.

ಮುಂದಿನ ಗೆರೆ, ಅಂದರೆ ಹೇರ್‌ಲೈನ್, ಇದರ ಬಗ್ಗೆ ಮಾತ್ರ ನಾನು ಗಿರಾಕಿ ಜೊತೆ ಜಗ್ಗಾಡುತ್ತೇನೆ. ಈಚೆಗೆ ದಾವಣಗೆರೆ ಕಡೆಯ ಒಬ್ಬರು ಬಂದಿದ್ದರು. 50ರ ಆಸುಪಾಸು. ಮಗಳ ಮದುವೆ ಹತ್ತಿರ ಬಂದಿತ್ತು. ತಮ್ಮದೇ ಮದುವೆಯ ಫೋಟೋ ತಂದು ಮುಂದಿಟ್ಟರು.

'ಹಿಂಗೇ ಬರಬೇಕು ನೋಡಪ್ಪ.'

'ಸರ್, ಒಂದ್ಸಲ ಹುಬ್ಬು ಮೇಲೆತ್ತಿ' ಅಂದೆ.

ಎತ್ತಿದರು. ಹಣೆಯಲ್ಲಿ ಮಡಿಕೆ ಬಿದ್ದವು. ಎಲ್ಲಕ್ಕಿಂತ ಮೇಲಿನ ಮಡಿಕೆಯಿಂದ ಒಂದು ಬೆರಳು ಮೇಲಕ್ಕೆ, ಕಣ್ಣಿಗೆ ಹಚ್ಚುವ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟೆ. ಅವರು ಅದರ ಕೆಳಗೆ ಬೆರಳಿಟ್ಟು 'ಇಲ್ಲಿಂದ' ಅಂದರು. ಅವರು ಹೇಳಿದ ಜಾಗದಲ್ಲೂ ಒಂದು ಗೆರೆ ಎಳೆದು ಕನ್ನಡಿ ಕೊಟ್ಟೆ. 'ಸರ್, ಈಗ ನಕ್ಕೊಂಡು ಹುಬ್ಬು ಎತ್ತಿ.' ಮಡಿಕೆ ಹೋಗಿ ಗೆರೆಯ ಒಳಗೇ ಸೇರಿತು. ಹಣೆಯ ಚರ್ಮ ಅಲ್ಲಾಡುವ ಜಾಗದಲ್ಲಿ ಕೂದಲು ಹುಟ್ಟುವುದಿಲ್ಲ. ಪ್ಯಾಚ್ ಅಂಟಿಸುವ ಟೇಪ್ ಕೂಡ ಅಲ್ಲಿ ಬೇಗ ಬಿಡುತ್ತದೆ. ಅವರು ಸುಮಾರು ಹೊತ್ತು ಕನ್ನಡಿ ನೋಡಿ, 'ನಿನ್ನ ಚುಕ್ಕೆನೇ ಇರಲಿ' ಅಂದರು. ಹಣೆಯ ಎರಡು ಮೂಲೆಗಳನ್ನೂ ನಾನು ಪೂರ್ತಿ ಮುಚ್ಚಲಿಲ್ಲ. ಆ ವಯಸ್ಸಿನವರ ಕೂದಲು ಮೂಲೆಯಲ್ಲಿ ಸ್ವಲ್ಪ ಹಿಂದೆ ಸರಿದಿರುತ್ತದೆ. ಅದು ಹಾಗೇ ಇದ್ದರೇ ಮುಖಕ್ಕೆ ಹೊಂದುವುದು.

ಪ್ಯಾಚ್ ಅಂಟಿಸುವ ತನಕ ಪಕ್ಕದ ಕೂದಲಿಗೆ ಕೈ ಹಾಕುವುದಿಲ್ಲ. ನೀಟಾಗಿ ಕಟಿಂಗ್ ಮಾಡಿಸಿಕೊಂಡೇ ಬರುವವರಿದ್ದಾರೆ. ಅವರಿಗೆ ತಿಂಗಳು ಬಿಟ್ಟು ಬನ್ನಿ ಅನ್ನುತ್ತೇನೆ. ಕಿವಿಯ ಮೇಲೆ ಒಂದೂವರೆ ಇಂಚಾದರೂ ಸ್ವಂತ ಕೂದಲು ಇರಬೇಕು. ಹುಡುಗರು ಫೇಡ್, ಅಂದರೆ ಪಕ್ಕದ ಕೂದಲನ್ನು ಕೆಳಗೆ ಹೋದಂತೆ ತೀರಾ ಗಿಡ್ಡ ಮಾಡುವ ಕಟಿಂಗ್, ಕೇಳುತ್ತಾರೆ. ಕಿವಿಯ ಸುತ್ತ ತಗ್ಗಿನಲ್ಲಿ ಮಾಡಬಹುದು. ಮೇಲಿನ ತನಕ ಮಷೀನ್ ಹೊಡೆದರೆ ಪ್ಯಾಚಿನ ಅಂಚು ಬಯಲಾಗುತ್ತದೆ, ಮುಚ್ಚಲು ಏನೂ ಉಳಿಯುವುದಿಲ್ಲ.

ಈಗ ಕತ್ತರಿಯ ಕೆಲಸ. ಮೊದಲು ಕೂದಲು ಒದ್ದೆ ಮಾಡಿ, ಅವರು ದಿನಾ ಹೇಗೆ ಬಾಚುತ್ತಾರೋ ಹಾಗೇ ಬಾಚುತ್ತೇನೆ. ಶುರು ಮಾಡುವುದು ಪಕ್ಕದಿಂದ. ತಲೆ ಮೇಲಿನಿಂದ ಪಕ್ಕಕ್ಕೆ ಹೊರಳುವ ಜಾಗ ಇದೆಯಲ್ಲ, ಕಿವಿಯಿಂದ ಮೂರು ನಾಲ್ಕು ಬೆರಳು ಮೇಲೆ, ಕೆಲಸ ಗೆಲ್ಲುವುದೂ ಸೋಲುವುದೂ ಅಲ್ಲೇ. ಸ್ವಂತ ಕೂದಲು, ಪ್ಯಾಚಿನ ಕೂದಲು ಎರಡನ್ನೂ ಒಟ್ಟಿಗೆ ಬಾಚಣಿಗೆಯಲ್ಲಿ ಎತ್ತಿ ಹಿಡಿಯಬೇಕು. ಸ್ವಂತ ಕೂದಲು ಎಲ್ಲಿಗೆ ನಿಲ್ಲುತ್ತದೋ ಅದೇ ಅಳತೆ. ಅಲ್ಲಿಂದ ಪ್ಯಾಚಿನ ಕೂದಲು ಚೂರು ಚೂರೇ ಉದ್ದವಾಗುತ್ತಾ ಮೇಲಕ್ಕೆ ಹೋಗಬೇಕು. ಪ್ಯಾಚಿನ ಕೂದಲು ಮೇಲಿನಿಂದ ಇಳಿದು ಸ್ವಂತ ಕೂದಲ ಮೇಲೆ ಮೆಟ್ಟಿಲಾಗಿ ಕೂತರೆ, ಪಕ್ಕದಿಂದ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಆ ಮೆಟ್ಟಿಲನ್ನು ಬಾಚಣಿಗೆ ಮೇಲೆ ಕತ್ತರಿ ಆಡಿಸಿ ಕರಗಿಸುತ್ತೇನೆ. ಒಂದೇ ಏಟಿಗೆ ಜಾಸ್ತಿ ತೆಗೆಯುವುದಿಲ್ಲ. ಇದು ಮತ್ತೆ ಬೆಳೆಯುವ ಕೂದಲಲ್ಲ.

ಉದ್ದ ಒಂದು ಹದಕ್ಕೆ ಬಂದ ಮೇಲೆ ಒಣಗಿಸುತ್ತೇನೆ. ದಟ್ಟಣೆ ಇಳಿಸುವುದು ಒಣ ಕೂದಲಲ್ಲೇ, ಯಾಕಂದ್ರೆ ಒದ್ದೆ ಕೂದಲು ಎಷ್ಟಿದೆ ಅನ್ನುವುದನ್ನು ತೋರಿಸುವುದಿಲ್ಲ. ಥಿನ್ನಿಂಗ್ ಕತ್ತರಿಯನ್ನು, ಅಂದರೆ ದಟ್ಟಣೆ ಇಳಿಸುವ ಹಲ್ಲಿನ ಕತ್ತರಿಯನ್ನು, ಬುಡದ ಹತ್ತಿರ ಹಾಕಬಾರದು. ಬುಡದಲ್ಲಿ ಕತ್ತರಿಸಿದ ಮೋಟು ಕೂದಲು ನೆಟ್ಟಗೆ ನಿಂತು ಉಳಿದ ಕೂದಲನ್ನು ಮೇಲೆತ್ತುತ್ತದೆ. ತೆಳ್ಳಗೆ ಮಾಡಲು ಹೋಗಿ ಇನ್ನೂ ಉಬ್ಬುತ್ತದೆ. ಕೂದಲಿನ ಅರ್ಧದಿಂದ ತುದಿಯ ಕಡೆಗೆ, ಒಂದು ಕಡೆ ಒಂದೇ ಸಲ ಹಾಕಿ, ಬಾಚಿ, ಉದುರಿದ್ದನ್ನು ನೋಡಿ, ಆಮೇಲೆ ಮುಂದಿನ ಜಾಗ. ಕೊನೆಗೆ ನೆತ್ತಿಯ ಮೇಲಿನ ಕೂದಲನ್ನು ಚಿಕ್ಕ ಚಿಕ್ಕ ಎಳೆಯಾಗಿ ಹಿಡಿದು, ಕತ್ತರಿಯ ಮೊನೆಯಿಂದ ತುದಿಗಳನ್ನು ಏರುಪೇರು ಮಾಡುತ್ತೇನೆ. ಹೊತ್ತು ಹಿಡಿಯುವುದು ಇದಕ್ಕೇ. ಗಿರಾಕಿ ಮುಗೀತಾ ಅಂತ ಕೇಳುತ್ತಿರುತ್ತಾರೆ, ಆದರೂ ಇಲ್ಲಿ ಅವಸರ ಮಾಡುವುದಿಲ್ಲ.

ಸುಳಿಯನ್ನು ಮರೆಯುವವರು ಜಾಸ್ತಿ. ಸ್ವಂತ ಸುಳಿ ಹೆಚ್ಚಿನವರಿಗೆ ಬಲಕ್ಕೆ ತಿರುಗಿರುತ್ತದೆ. ಕೆಲವರಿಗೆ ಎಡಕ್ಕೆ. ಹಿಂದೆ ಉಳಿದಿರುವ ಕೂದಲು ಯಾವ ಕಡೆ ಮಲಗಿದೆ ನೋಡಿದರೆ ತಿಳಿಯುತ್ತದೆ. ಪ್ಯಾಚಿನ ಸುಳಿ ಅದಕ್ಕೆ ಎದುರಾಗಿದ್ದರೆ ಹಿಂದುಗಡೆ ಕೂದಲು ಸೀಳಿ ನಿಲ್ಲುತ್ತದೆ. ಸುಳಿಯ ಜಾಗದಲ್ಲಿ ಬೇರೆಲ್ಲ ಕಡೆಗಿಂತ ಜಾಸ್ತಿ ಕೂದಲು ಇಳಿಸಿ, ಬ್ಲೋ ಡ್ರೈಯರ್‌ನ ಗಾಳಿಯನ್ನು ಅದೇ ದಿಕ್ಕಿಗೆ ಸುತ್ತಿಸಿ ಬುಡ ಕೂರಿಸುತ್ತೇನೆ. ಅಲ್ಲಿ ಬುರುಡೆ ಚೂರು ಕಂಡರೂ ಪರವಾಗಿಲ್ಲ. 40 ದಾಟಿದವರ ಸುಳಿಯಲ್ಲಿ ಬುರುಡೆ ಕಾಣುವುದೇ ಸಹಜ.

ಕೊನೆಯದು ಮುಂಭಾಗ. ಕಾರ್ಖಾನೆಯಲ್ಲಿ ಮೊದಲ ಸಾಲನ್ನು ಹೊಲಿಗೆ ಹಾಕಿದಂತೆ ನೇರವಾಗಿ ಕಟ್ಟಿರುತ್ತಾರೆ. ಚಿಮುಟದಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ಕಿತ್ತು ಆ ನೇರ ಮುರಿಯಬೇಕು. ಲೇಸ್ ಆದರೆ ಗಂಟು ಬ್ಲೀಚ್ ಆಗಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬುಡದಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಸ್ಕಿನ್ ಬೇಸ್‌ನಲ್ಲಿ ಕಮ್ಮಿ ಕಿತ್ತರೆ ಒಳ್ಳೆಯದು, ಅದರಲ್ಲಿ ಕೂದಲು ಮೊದಲೇ ಬೇಗ ಬಿಡುತ್ತದೆ. ಎರಡನೇ ಸಾಲಿನಲ್ಲಿ ನಾಲ್ಕಾರು ಎಳೆಗಳನ್ನು ಗಿಡ್ಡ ಮಾಡಿದರೆ ಹಣೆಯ ಕಿರುಗೂದಲಿನಂತೆ ಕಾಣುತ್ತವೆ.

ಟ್ಯೂಬ್‌ಲೈಟ್ ಬೆಳಕು ನಂಬಿ ಯಾರನ್ನೂ ಕಳಿಸುವುದಿಲ್ಲ. ಫುಟ್‌ಪಾತ್ ಮೇಲೆ ಬಿಸಿಲಿಗೆ ಕರೆದುಕೊಂಡು ಹೋಗಿ ಸುತ್ತಲೂ ನೋಡುತ್ತೇನೆ. ಒಳಗೆ ಬಂದು ಫ್ಯಾನ್ ಜೋರಾಗಿ ತಿರುಗಿಸಿ ಕೆಳಗೆ ನಿಲ್ಲಿಸುತ್ತೇನೆ. ಗಾಳಿಗೆ ಕೂದಲು ಒಂದೇ ಮುದ್ದೆಯಾಗಿ ಎದ್ದರೆ ಇನ್ನೂ ದಟ್ಟಣೆ ಇದೆ ಅಂತ ಅರ್ಥ. ಎಳೆ ಎಳೆಯಾಗಿ ಹಾರಿ ತಾನಾಗೇ ಕೂತರೆ ಸರಿ.

ದಾವಣಗೆರೆಯವರಿಗೆ ಹೋಗುವಾಗ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಪ್ಯಾಚ್ ಇರುವಾಗ ತಲೆಗೆ ಕೊಬ್ಬರಿ ಎಣ್ಣೆ ಬೇಡ, ಹಬ್ಬದ ಎಣ್ಣೆಸ್ನಾನವೂ ಕತ್ತಿನಿಂದ ಕೆಳಗೆ. ಎಣ್ಣೆ ಇಳಿದರೆ ಟೇಪ್ ಜಾರುತ್ತದೆ. ಬೋರ್‌ವೆಲ್ ನೀರಿನ ಗಡಸು, ಬಿಸಿಲು ಎರಡೂ ಸೇರಿ ಪ್ಯಾಚಿನ ಕೂದಲನ್ನು ಕೆಂಚಗೆ ಮಾಡುತ್ತವೆ. ಆಗ ಮನೆಯಲ್ಲಿ ಡೈ ಹಚ್ಚಬೇಡಿ, ತಂದು ಕೊಡಿ. ಮೂರು ನಾಲ್ಕು ವಾರಕ್ಕೆ ಸರ್ವಿಸ್‌ಗೆ, ಅಂದರೆ ಪ್ಯಾಚ್ ತೆಗೆದು ತೊಳೆದು ಮತ್ತೆ ಅಂಟಿಸಿಕೊಳ್ಳಲು ಬಂದಾಗ ಸ್ವಂತ ಕೂದಲು ಹತ್ತಿರ ಹತ್ತಿರ ಅರ್ಧ ಇಂಚು ಬೆಳೆದಿರುತ್ತದೆ, ಪ್ಯಾಚ್ ಹಾಗೇ ಇರುತ್ತದೆ. ಆಗ ಕತ್ತರಿ ಹಾಕುವುದು ಸ್ವಂತ ಕೂದಲಿಗೆ ಮಾತ್ರ.

ಮೊದಲ ದಿನದ ಕಟಿಂಗನ್ನು ಬೇಕಂತಲೇ ಚೂರು ಉದ್ದ ಬಿಡುತ್ತೇನೆ. ವಾರ ಕಳೆದು ಅವರು ತಾವೇ ತೊಳೆದು, ತಾವೇ ಬಾಚಿ, ಹೆಲ್ಮೆಟ್ ಹಾಕಿ ತೆಗೆದು ಬಂದಾಗ ಕೂದಲು ಎಲ್ಲಿ ಏಳುತ್ತಿದೆ ಅಂತ ಕಾಣುತ್ತದೆ. ಸಾಮಾನ್ಯವಾಗಿ ಸುಳಿಯ ಕೆಳಗೆ, ಇಲ್ಲವೇ ಕಿವಿಯ ಹಿಂದಿನ ಮೂಲೆಯಲ್ಲಿ. ಅಷ್ಟನ್ನು ತೆಗೆಯಲು ಹತ್ತು ನಿಮಿಷ ಸಾಕು. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ, ಬಂದೇ ಬರಬೇಕು ಅಂತ ಮಾತ್ರ ಹೇಳಿ ಕಳಿಸುತ್ತೇನೆ.