ನೇಪರ್‌ವಿಲ್‌ನಲ್ಲಿ ನಾಲ್ಕು ವಾರ: ಊಟಕ್ಕೆ ಏನು ಮಾಡಿದೆ, ಶನಿವಾರ-ಭಾನುವಾರ ಹೇಗೆ ಕಳೆದೆ

ಆಫೀಸ್ ಕೆಲಸಕ್ಕೆ ಅಮೆರಿಕಕ್ಕೆ ಹೋಗುತ್ತಿದ್ದೇನೆ ಅಂದಾಗ ಎಲ್ಲರೂ "ಶಿಕಾಗೋನಾ? ಮಜಾ ಮಾಡು" ಅಂದರು. ಆದರೆ ಕ್ಲೈಂಟ್ ಆಫೀಸ್ ಇದ್ದದ್ದು ನೇಪರ್‌ವಿಲ್‌ನಲ್ಲಿ. ಶಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದ ಉಪನಗರ. ಅಕ್ಟೋಬರ್ ತಿಂಗಳು, ನಾಲ್ಕು ವಾರದ ಕೆಲಸ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಾರು ಬಾಡಿಗೆಗೆ ತೆಗೆದುಕೊಂಡಿರಲಿಲ್ಲ. ನಿಮ್ಮಲ್ಲೂ ಯಾರಾದರೂ ಇಂಥದ್ದೇ ಊರಿಗೆ ಹೊರಟಿದ್ದರೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲನೇ ಶುಕ್ರವಾರ ಸಂಜೆಯ ಮಾತು. ಆರು ಗಂಟೆಗೆಲ್ಲ ಆಫೀಸ್ ಖಾಲಿ. ಕ್ಲೈಂಟ್ ಕಡೆಯವರು "ಹ್ಯಾವ್ ಎ ಗ್ರೇಟ್ ವೀಕೆಂಡ್" ಅಂತ ಹೇಳಿ ಮನೆಗೆ ಹೋದರು. ನಾನು ಹೋಟೆಲ್ ರೂಮಿಗೆ ಬಂದು, ಸ್ವಲ್ಪ ಹೊತ್ತು ಮಲಗಿ ಎದ್ದಾಗ ರಾತ್ರಿ ಒಂಬತ್ತೂವರೆ. ಹಸಿವು. ಎದುರಿಗೇ ಅಂಗಡಿ ಸಾಲಿನ ದೀಪಗಳು ಕಾಣುತ್ತಿದ್ದವು, ಏಳುನೂರು ಮೀಟರ್ ಕೂಡ ಇರಲಿಕ್ಕಿಲ್ಲ. ನಡೆದು ಹೊರಟೆ. ಸ್ವಲ್ಪ ದೂರ ಹೋಗುತ್ತಿದ್ದಂತೆ ಫುಟ್‌ಪಾತ್ ಮುಗಿದೇ ಹೋಯಿತು, ಮುಂದೆ ಆರು ಸಾಲಿನ ಹೆದ್ದಾರಿ, ನಡೆಯುವ ಇನ್ನೊಂದು ಜೀವ ಕಣ್ಣಿಗೆ ಬೀಳಲಿಲ್ಲ. ಅಂತೂ ದಾಟಿ ಹೋದರೆ ರೆಸ್ಟೋರೆಂಟ್‌ನ ಅಡುಗೆಮನೆ ಮುಚ್ಚಿತ್ತು. ಆ ರಾತ್ರಿ ಊರಿಂದ ತಂದಿದ್ದ ಅವಲಕ್ಕಿ, ಚಟ್ನಿಪುಡಿ ತಿಂದು ಮಲಗಿದೆ. ಮಾರನೇ ದಿನ ಪೂರ್ತಿ ರೂಮಲ್ಲೇ ಕಳೆದೆ, ಭಾನುವಾರವೂ ಹಾಗೇ. ಸೋಮವಾರ ಮೀಟಿಂಗ್‌ನಲ್ಲಿ ಕೂತಾಗ ತಲೆಯೇ ಓಡುತ್ತಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ರಾತ್ರಿ ಊಟಕ್ಕೆ ಏನು ಅನ್ನುವುದು ಸಂಜೆ ಐದರೊಳಗೆ ಗೊತ್ತಿರಬೇಕು, ಶನಿವಾರ ಎಲ್ಲಿಗೆ ಅನ್ನುವುದು ಗುರುವಾರವೇ ಗೊತ್ತಿರಬೇಕು. ಬೆಂಗಳೂರಲ್ಲಿ ಹೀಗೆಲ್ಲ ಯೋಚಿಸುವ ಅಗತ್ಯವೇ ಇಲ್ಲ, ಕೆಳಗಿಳಿದರೆ ದರ್ಶಿನಿ ಇರುತ್ತದೆ. ಅಲ್ಲಿ ಹಾಗಲ್ಲ.

ಮೊದಲು ಮಾಡಿದ ಕೆಲಸ ಹೋಟೆಲ್ ಬದಲಾಯಿಸಿದ್ದು. ಎಕ್ಸ್‌ಟೆಂಡೆಡ್ ಸ್ಟೇ ಅನ್ನುವ ಬಗೆಯ ಹೋಟೆಲ್‌ಗಳಿವೆ, ರೂಮಿನಲ್ಲೇ ಎರಡು ಒಲೆ, ದೊಡ್ಡ ಫ್ರಿಜ್, ಮೈಕ್ರೋವೇವ್, ಪಾತ್ರೆ ಎಲ್ಲ ಇರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಇರುವುದಾದರೆ ಟ್ರಾವೆಲ್ ಡೆಸ್ಕ್‌ನವರಿಗೆ ಹೊರಡುವ ಮೊದಲೇ ಹೇಳಿ ಇಂಥದ್ದನ್ನೇ ಬುಕ್ ಮಾಡಿಸಿಕೊಳ್ಳಿ. ಇಲ್ಲಿಂದ ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲಗ್ ಅಡಾಪ್ಟರ್ ಹಾಕಿದರೆ ಪಿನ್ ಕೂರುತ್ತದೆ, ಆದರೆ ಕುಕ್ಕರ್ ಕೆಲಸ ಮಾಡುವುದಿಲ್ಲ. ಅಕ್ಕಿಯನ್ನೂ ಒಯ್ಯಬೇಡಿ. ಖಾಪ್ರಾ ಅನ್ನುವ ಧಾನ್ಯ ತಿನ್ನುವ ಹುಳದ ಕಾರಣಕ್ಕೆ ಭಾರತದಿಂದ ಬರುವ ಪ್ರಯಾಣಿಕರ ಲಗೇಜಿನಲ್ಲಿ ಅಕ್ಕಿಗೆ ಅವಕಾಶವಿಲ್ಲ. ನಾನು ಒಯ್ದದ್ದು ಸಾರಿನಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ನಾಲ್ಕು ರೆಡಿ ಪ್ಯಾಕೆಟ್. ಏರ್‌ಪೋರ್ಟ್‌ನಲ್ಲಿ ತಿಂಡಿ ಪದಾರ್ಥ ಇದೆ ಅಂತ ನೇರವಾಗಿ ಹೇಳಿದೆ, ನೋಡಿ ಬಿಟ್ಟರು. ಮುಚ್ಚಿಡಬೇಡಿ.

ಸಾಮಾನಿಗೆ ನೇಪರ್‌ವಿಲ್‌ನಲ್ಲಿ ಚಿಂತೆಯೇ ಇಲ್ಲ. ಪಟೇಲ್ ಬ್ರದರ್ಸ್ ಅನ್ನುವ ಭಾರತೀಯ ದಿನಸಿ ಅಂಗಡಿ ಇದೆ. ಇವರ ಮೊದಲ ಅಂಗಡಿ ಶುರುವಾದದ್ದೇ ಶಿಕಾಗೊದ ಡೆವನ್ ಅವೆನ್ಯೂನಲ್ಲಿ, 1974ರಲ್ಲಿ. ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು, ಹಸಿಮೆಣಸು, ಎಲ್ಲ ಸಿಕ್ಕಿತು. ಮೊಸರನ್ನು ಮಾತ್ರ ಅಲ್ಲೇ ತೆಗೆದುಕೊಳ್ಳಿ. ಮಾಮೂಲಿ ಸೂಪರ್‌ಮಾರ್ಕೆಟ್‌ನಲ್ಲಿ ಯೋಗರ್ಟ್ ಅಂತ ಸಿಗುವುದರಲ್ಲಿ ಅರ್ಧಕ್ಕರ್ಧ ಸಿಹಿ, ವೆನಿಲಾ. ನಾನು ಒಮ್ಮೆ ಡಬ್ಬಿ ನೋಡದೆ ತಂದು ಅನ್ನಕ್ಕೆ ಕಲಸಿ, ಇಡೀ ತಟ್ಟೆ ಚೆಲ್ಲಬೇಕಾಯಿತು. ಗೋಪಿ ಬ್ರ್ಯಾಂಡ್‌ನ ದಹಿ ನಮ್ಮ ಮೊಸರಿಗೆ ಹತ್ತಿರ, ಒಂದು ದಿನ ಹೊರಗಿಟ್ಟರೆ ಹದವಾಗಿ ಹುಳಿ ಬರುತ್ತದೆ.

ಅನ್ನ ಮೈಕ್ರೋವೇವ್‌ನಲ್ಲೇ ಮಾಡುತ್ತಿದ್ದೆ. ಆಳವಾದ ಗಾಜಿನ ಬೋಗುಣಿ, ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ತಟ್ಟೆಯನ್ನು ಅರ್ಧ ಮುಚ್ಚಿ 14 ನಿಮಿಷ, ಆಮೇಲೆ ಐದು ನಿಮಿಷ ಹಾಗೇ ಬಿಡಬೇಕು. ಪೂರ್ತಿ ಮುಚ್ಚಿದರೆ ಉಕ್ಕುತ್ತದೆ. ಭಾನುವಾರ ಸಂಜೆ ಬೇಳೆ ಬೇಯಿಸಿ, ಸಾರು ಮಾಡಿ, ಮೂರು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಬುಧವಾರದವರೆಗೆ ಯೋಚನೆ ಇಲ್ಲ. ಒಂದು ವಿಷಯದಲ್ಲಿ ಎಚ್ಚರ. ಎರಡನೇ ವಾರ ಒಗ್ಗರಣೆಗೆ ಎಣ್ಣೆ ಕಾಯಿಸಿ, ಒಣಮೆಣಸಿನಕಾಯಿ ಹಾಕಿ, ಫೋನ್ ಬಂತು ಅಂತ ಅರ್ಧ ನಿಮಿಷ ಆ ಕಡೆ ತಿರುಗಿದೆ. ಮೆಣಸಿನಕಾಯಿ ಕಪ್ಪಾಗಿ ಘಾಟು ಎದ್ದಿತು, ಹೊಗೆ ಅಲಾರಂ ಕೂಗಿತು. ಪಕ್ಕದ ರೂಮಿನ ಮಗು ಹೆದರಿ ಅಳುವುದು ಗೋಡೆಯಾಚೆ ಕೇಳಿಸುತ್ತಿತ್ತು. ತುಂಬಾ ಬೇಜಾರಾಯಿತು, ಹೋಗಿ ಕ್ಷಮೆ ಕೇಳಿದೆ. ಅಲ್ಲಿಂದ ಮುಂದೆ ಒಲೆ ಹೊತ್ತಿಸುವ ಮೊದಲು ಮೇಲಿನ ಎಕ್ಸಾಸ್ಟ್ ಫ್ಯಾನ್ ಹಾಕುವುದು, ಸಣ್ಣ ಉರಿ, ಸಾಸಿವೆ ಸಿಡಿದ ಕೂಡಲೇ ಇಳಿಸುವುದು, ಮೆಣಸಿನಕಾಯಿ ಕೊನೆಗೆ ಹಾಕುವುದು ರೂಢಿಯಾಯಿತು.

ಹೊರಗೆ ತಿನ್ನುವಾಗ ಕೇಳಿ ಕೇಳಿ ಕಲಿತದ್ದು ಇಷ್ಟು. ವೆಜಿಟೇರಿಯನ್ ಅಂದರೆ ಅಲ್ಲಿ ಮೊಟ್ಟೆ ಸೇರುತ್ತದೆ, ಅದನ್ನು ಬೇರೆ ಹೇಳಬೇಕು. ತರಕಾರಿ ಸೂಪ್ ಅಂತ ಬರೆದಿದ್ದರೂ ಕೋಳಿ ಸಾರಿನಲ್ಲಿ ಮಾಡಿರಬಹುದು. ಕೆಲವು ಮೆಕ್ಸಿಕನ್ ಹೋಟೆಲ್‌ಗಳಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುತ್ತಾರೆ. ಸೀಸರ್ ಸಾಲಡ್‌ನ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಒಳಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾರೆ. ನನಗೆ ತುಂಬಾ ಒಗ್ಗಿದ್ದು ಚಿಪೋಟ್ಲೆ ಅನ್ನುವ ಮೆಕ್ಸಿಕನ್ ಶೈಲಿಯ ಹೋಟೆಲ್ ಸರಣಿಯ ಬೌಲ್. ಅನ್ನ, ಕಪ್ಪು ಬೀನ್ಸ್, ಹುರಿದ ದಪ್ಪಮೆಣಸು-ಈರುಳ್ಳಿ, ಜೋಳ, ಖಾರದ ಸಾಲ್ಸಾ. ಮಾಂಸ ಬೇಡ ಅಂದರೆ ಬೆಣ್ಣೆಹಣ್ಣಿನ ಗ್ವಾಕಮೋಲೆಗೆ ಜಾಸ್ತಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಬೌಲ್ ನನಗೆ ಎರಡು ಊಟ. ಉಳಿದದ್ದಕ್ಕೆ ಟು-ಗೋ ಬಾಕ್ಸ್ ಕೇಳಿ, ಅಲ್ಲಿ ಎಲ್ಲರೂ ಒಯ್ಯುತ್ತಾರೆ. ಕೂತು ತಿನ್ನುವ ಹೋಟೆಲ್‌ನಲ್ಲಿ ಬಿಲ್ ಮೇಲೆ ಟ್ಯಾಕ್ಸ್, ಅದರ ಮೇಲೆ 18ರಿಂದ 20 ಶೇಕಡ ಟಿಪ್. ದಿನದ ಭತ್ಯೆ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಇನ್ನು ವಾರಾಂತ್ಯ.

ಎರಡನೇ ಶನಿವಾರ ರೈಲು ಹತ್ತಿದೆ. ಮೆಟ್ರಾ ಅಂತ ಉಪನಗರ ರೈಲು, ಬಿಎನ್‌ಎಸ್‌ಎಫ್ ಮಾರ್ಗ. ನೇಪರ್‌ವಿಲ್‌ನಿಂದ ಶಿಕಾಗೊ ಯೂನಿಯನ್ ಸ್ಟೇಷನ್‌ಗೆ ಹೋಗುತ್ತದೆ. ವೆಂಟ್ರಾ ಆ್ಯಪ್‌ನಲ್ಲಿ ವಾರಾಂತ್ಯದ ಒಂದು ದಿನದ ಪಾಸ್ ಸಿಗುತ್ತದೆ, ಹೋಗಿ ಬರುವುದಕ್ಕೆ ಅದೇ ಲಾಭ. ಶನಿವಾರ-ಭಾನುವಾರ ರೈಲು ಕಡಿಮೆ. ಒಂದು ತಪ್ಪಿದರೆ ಒಂದು ಗಂಟೆಗೂ ಜಾಸ್ತಿ ಕಾಯಬೇಕಾಗಬಹುದು, ಅದಕ್ಕೇ ವಾಪಸ್ ಬರುವ ರೈಲಿನ ಸಮಯವನ್ನು ಮೊದಲೇ ಬರೆದಿಟ್ಟುಕೊಂಡೆ. ಬೋಗಿಗೆ ಮೇಲೊಂದು ಅಟ್ಟದಂಥ ಸಾಲು ಇದೆ, ಒಬ್ಬೊಬ್ಬರೇ ಕೂರುವ ಸೀಟು. ಅಲ್ಲಿ ಕೂತು ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದೆ.

ಸ್ಟೇಷನ್‌ನಿಂದ ಆಡಮ್ಸ್ ರಸ್ತೆ ಹಿಡಿದು ನೇರ ಪೂರ್ವಕ್ಕೆ ಇಪ್ಪತ್ತು ನಿಮಿಷ ನಡೆದರೆ ಆರ್ಟ್ ಇನ್‌ಸ್ಟಿಟ್ಯೂಟ್. ಎರಡು ಕಂಚಿನ ಸಿಂಹಗಳು ಬಾಗಿಲಲ್ಲಿ ನಿಂತಿವೆ. ನಾನು ಹೋದದ್ದು ಚಿತ್ರ ನೋಡಲಿಕ್ಕಲ್ಲ. ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇದೇ ಕಟ್ಟಡದಲ್ಲಿ. ಎದುರಿನ ಮಿಷಿಗನ್ ಅವೆನ್ಯೂನ ಆ ಭಾಗಕ್ಕೆ ಅವರ ಹೆಸರಿನ ಗೌರವ ಫಲಕವೂ ಇದೆ. ಅದಕ್ಕೆ ಒಂದು ವರ್ಷ ಮೊದಲು, 1892ರಲ್ಲಿ, ಅವರು ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ದರು, 1894ರಲ್ಲಿ ಶಿಕಾಗೊದಿಂದಲೇ ಮಹಾರಾಜರಿಗೆ ಪತ್ರ ಬರೆದರು. ನಾನು ಓದಿದ್ದು ಮೈಸೂರಿನಲ್ಲಿ. ಅಲ್ಲಿ ಅವರು ಉಳಿದಿದ್ದರು ಅನ್ನುವ ನಿರಂಜನ ಮಠದ ಮುಂದೆ ದಿನಾ ಸೈಕಲ್‌ನಲ್ಲಿ ಓಡಾಡಿದವನು ಇಲ್ಲಿ ಈ ಮೆಟ್ಟಿಲ ಮೇಲೆ ನಿಂತಿದ್ದೇನೆ ಅನ್ನಿಸಿ ಗಂಟಲು ಕಟ್ಟಿತು.

ಒಳಗೆ ಹೋದ ಮೇಲೆ ಮೂರು ಗಂಟೆ ಕಳೆದದ್ದು ಗೊತ್ತಾಗಲಿಲ್ಲ. ಸೋರಾ ಅನ್ನುವ ಫ್ರೆಂಚ್ ಕಲಾವಿದ 1884ರಲ್ಲಿ ಶುರುಮಾಡಿ ಎರಡು ವರ್ಷ ಬಿಡಿಸಿದ ದೊಡ್ಡ ಚಿತ್ರವೊಂದಿದೆ. ಪ್ಯಾರಿಸ್ ಹೊರವಲಯದ ನದಿ ದಡದಲ್ಲಿ ಜನ ಭಾನುವಾರ ಕಳೆಯುತ್ತಿದ್ದಾರೆ. ಹತ್ತಿರ ಹೋದರೆ ಬರೀ ಚುಕ್ಕಿಗಳು, ಕಿತ್ತಳೆ ಪಕ್ಕ ನೀಲಿ, ಹಸಿರಿನ ನಡುವೆ ಹಳದಿ. ಹತ್ತು ಹೆಜ್ಜೆ ಹಿಂದೆ ಬಂದರೆ ಹುಲ್ಲು, ಬಿಸಿಲು, ಕೊಡೆ ಹಿಡಿದ ಹೆಂಗಸು. ನಾನು ನಾಲ್ಕು ಸಲ ಹಿಂದೆ ಮುಂದೆ ಹೋಗಿ ನೋಡಿದೆ. ಚಿತ್ರಕಲೆ ಗೊತ್ತಿಲ್ಲದವರೂ ಇದನ್ನು ನೋಡಲೇಬೇಕು.

ಮೂರನೇ ಶನಿವಾರ ಪಕ್ಕದ ಲೈಲ್ ಊರಿನ ಮಾರ್ಟನ್ ಅರ್ಬೊರೀಟಂ. ಉಪ್ಪಿನ ವ್ಯಾಪಾರಿ ಜಾಯ್ ಮಾರ್ಟನ್ 1922ರಲ್ಲಿ ಕಟ್ಟಿದ ಮರಗಳ ತೋಟ, 1,700 ಎಕರೆ. ಅಕ್ಟೋಬರ್‌ನಲ್ಲಿ ಹೋದದ್ದು ನನ್ನ ಅದೃಷ್ಟ. ಶುಗರ್ ಮೇಪಲ್ ಮರ ಒಂದೇ ಕೊಂಬೆಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇಟ್ಟುಕೊಂಡು ನಿಂತಿರುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಬಣ್ಣದ ಕಾಲದಲ್ಲಿ ಶನಿವಾರದ ಟಿಕೆಟ್ ಬೇಗ ಮುಗಿಯುತ್ತದೆ. ಹೊರಗೆ ಹೋಗಲು ಮನಸ್ಸಿಲ್ಲದ ದಿನ ನೇಪರ್‌ವಿಲ್‌ನ ರಿವರ್‌ವಾಕ್ ಸಾಕು. ಡುಪೇಜ್ ನದಿ ಪಕ್ಕ ಇಟ್ಟಿಗೆ ಹಾಸಿದ ದಾರಿ, ಕೊನೆಗೆ ಬಾರಿಸುವ 72 ಗಂಟೆಗಳನ್ನು ತೂಗುಹಾಕಿರುವ ಗೋಪುರ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮನೆಗೆ ಫೋನ್. ಆಗ ಊರಲ್ಲಿ ಸಂಜೆ ಆರೂವರೆ, ಎಲ್ಲರೂ ಕಾಫಿ ಮುಗಿಸಿ ಕೂತಿರುತ್ತಾರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅದನ್ನು ನೆನಪಿಡಿ. ಫೋನ್ ಆದ ಮೇಲೆ ಪಕ್ಕದ ಅರೋರಾ ಊರಿನ ಬಾಲಾಜಿ ದೇವಸ್ಥಾನ. ಆಫೀಸಿನ ಹುಬ್ಬಳ್ಳಿಯ ಹುಡುಗನೊಬ್ಬ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ದರ್ಶನ ಆದ ಮೇಲೆ ಕೆಳಗಿನ ಕ್ಯಾಂಟೀನ್‌ನಲ್ಲಿ ದೋಸೆ, ಮೊಸರನ್ನ. ಪೇಪರ್ ತಟ್ಟೆಯಲ್ಲಿ ಮೊಸರನ್ನ, ಮೇಲೆ ಸಾಸಿವೆ, ಶುಂಠಿ ಚೂರು, ಪಕ್ಕದಲ್ಲಿ ಒಂದು ಹೋಳು ಉಪ್ಪಿನಕಾಯಿ. ಬಾಯಿಗಿಟ್ಟ ಕೂಡಲೇ ಕಣ್ಣು ಮುಚ್ಚಿದೆ. ಎದುರು ಕೂತಿದ್ದ ವಯಸ್ಸಾದ ಅಮ್ಮನೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ಕನ್ನಡದೋರಾ? ಯಾವೂರಪ್ಪ?" ಅಂದರು.

"ಹಾಸನದ ಹತ್ರ ಅಮ್ಮ, ಅರಕಲಗೂಡು."

"ಅಯ್ಯೋ, ನಮ್ದು ಹೊಳೆನರಸೀಪುರ ಕಣಪ್ಪ! ಬರೀ ಮೊಸರನ್ನ ತಿಂತಿದ್ದೀಯಲ್ಲ, ತಗೋ," ಅಂತ ತಮ್ಮ ತಟ್ಟೆಯ ವಡೆ ಎತ್ತಿ ನನ್ನ ತಟ್ಟೆಗಿಟ್ಟರು. ಮಗಳ ಮನೆಗೆ ಬಂದು ಆರು ತಿಂಗಳಾಯಿತಂತೆ. ಶಿಕಾಗೊ ಕಡೆಯ ವಿದ್ಯಾರಣ್ಯ ಕನ್ನಡ ಕೂಟದ ವಿಷಯ ಹೇಳಿದ್ದೂ ಅವರೇ. ನೀವು ಹೋಗುವ ಸಮಯಕ್ಕೆ ಕೂಟದ ಕಾರ್ಯಕ್ರಮ ಏನಾದರೂ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಹೊರಡುವ ಹಿಂದಿನ ದಿನ ಅರ್ಧ ಚೀಲ ಅಕ್ಕಿ, ಸಾರಿನಪುಡಿ, ಗಾಜಿನ ಬೋಗುಣಿ ಉಳಿದಿದ್ದವು. ನನ್ನ ಜಾಗಕ್ಕೆ ಸೋಮವಾರ ಬೆಂಗಳೂರಿನಿಂದ ಸಹೋದ್ಯೋಗಿಯೊಬ್ಬಳು ಬರುವವಳಿದ್ದಳು. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ರೈಲಿನ ಸಮಯ ಬರೆದ ಚೀಟಿ ಅಂಟಿಸಿ, ಹುಬ್ಬಳ್ಳಿ ಹುಡುಗನ ಕೈಗೆ ಕೊಟ್ಟು ಬಂದೆ. ಚೀಟಿಯ ಕೆಳಗೆ "14 ನಿಮಿಷ, ತಟ್ಟೆ ಅರ್ಧ ಮುಚ್ಚಿ" ಅಂತಲೂ ಬರೆದಿದ್ದೆ.